ಎಪ್ಪತ್ತೈದು ಎಂಬ ಲೆಕ್ಕ: ಡೆಸ್ಮಂಡ್ ಡಾಸ್ ಪ್ರಕರಣ

1945ರ ಅಕ್ಟೋಬರ್ 12ರಂದು ಶ್ವೇತಭವನದಲ್ಲಿ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಒಬ್ಬ ಬಡಕಲು ಸಿಪಾಯಿಯ ಕೊರಳಿಗೆ ಆ ದೇಶದ ಅತ್ಯುನ್ನತ ಸೇನಾ ಪದಕವಾದ ಮೆಡಲ್ ಆಫ್ ಆನರ್ ಹಾಕಿದರು. ಎರಡನೇ ಮಹಾಯುದ್ಧದ ಉದ್ದಕ್ಕೂ ಬಂದೂಕು ಹಿಡಿಯಲು ಒಪ್ಪದಿದ್ದ ಆ ಸಿಪಾಯಿ ಡೆಸ್ಮಂಡ್ ಥಾಮಸ್ ಡಾಸ್. ಜಪಾನಿನ ಒಕಿನಾವ ದ್ವೀಪದ ಕಡಿಬಂಡೆಯ ಮೇಲಿಂದ ಸುಮಾರು 75 ಗಾಯಾಳುಗಳನ್ನು ಒಬ್ಬೊಬ್ಬರನ್ನಾಗಿ ಕೆಳಗಿಳಿಸಿದರು ಎಂದು ಅವರ ಪ್ರಶಸ್ತಿಪತ್ರ ಹೇಳುತ್ತದೆ.

ಆದರೆ 75 ಎಂಬುದನ್ನು ಯಾರೂ ಎಣಿಸಿದ್ದಲ್ಲ. ಸೇನೆಯವರು ಕಳೆಯುವ ಲೆಕ್ಕ ಹಾಕಿದ್ದರು: ಬಂಡೆ ಹತ್ತಿದವರು 155 ಮಂದಿ, ತಮ್ಮಷ್ಟಕ್ಕೆ ಇಳಿದು ಬಂದವರು 55, ಹಾಗಾದರೆ ಉಳಿದ 100 ಮಂದಿಯನ್ನು ಇಳಿಸಿದ್ದು ಡಾಸ್. ಡಾಸ್ ಒಪ್ಪಲಿಲ್ಲ. ಐವತ್ತಕ್ಕಿಂತ ಹೆಚ್ಚಿರಲಾರದು, ನೂರು ಮಂದಿಯನ್ನು ಇಳಿಸುವಷ್ಟು ಹೊತ್ತೇ ಇರಲಿಲ್ಲ ಎಂದರು. ಕೊನೆಗೆ ಎರಡರ ನಡುವಿನ ಅಂಕಿಗೆ ರಾಜಿಯಾಯಿತು. ಪತ್ರದಲ್ಲಿ ಉಳಿದದ್ದು ಆ ರಾಜಿಯ ಅಂಕಿ.

ದೈವಭಕ್ತಿ, ಸೇನೆಯ ಸೇವೆ, ಪರೋಪಕಾರ ಮೂರೂ ಇದ್ದ ಒಂದು ತುಂಬು ಬಾಳನ್ನು ನೆನೆಯಲು ಕೂತವರು ಮೊದಲು ಎಡವುವುದು ಇಂಥ ಅಂಕಿಯ ಮೇಲೆಯೇ. ಅಂಕಿ ಕೈಗೆ ಸಿಕ್ಕಿತೆಂದರೆ ಆ ಕೆಲಸ ನಡೆದದ್ದು ಹೇಗೆ, ಅದಕ್ಕೆ ಆ ದೇಹ ತೆತ್ತದ್ದೇನು ಎಂದು ಕೇಳುವುದು ನಿಂತುಬಿಡುತ್ತದೆ. ಡಾಸ್ ಬದುಕಿದ್ದು 87 ವರ್ಷ. ಪ್ರಶಸ್ತಿಪತ್ರದಲ್ಲಿರುವುದು ಅದರಲ್ಲಿ 23 ದಿನಗಳ ಕಥೆ, 1945ರ ಏಪ್ರಿಲ್ 29ರಿಂದ ಮೇ 21ರವರೆಗಿನದು. ಆ ದಿನಗಳ ಕೈಕೆಲಸವನ್ನು ಬಿಡಿಸಿ ನೋಡುವುದು, ಆಮೇಲಿನ 61 ವರ್ಷಗಳನ್ನು ಅದರ ಪಕ್ಕದಲ್ಲೇ ಇಡುವುದು ಈ ಅಧ್ಯಯನದ ಕೆಲಸ.

ಗೋಡೆಯ ಪಟ ಮತ್ತು ಭರ್ತಿ ಕಚೇರಿ

ಡಾಸ್ ಹುಟ್ಟಿದ್ದು 1919ರ ಫೆಬ್ರವರಿ 7ರಂದು, ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್‌ನಲ್ಲಿ. ತಂದೆ ಬಡಗಿ. ತಾಯಿ ಮನೆಗೆಲಸದ ಜೊತೆಗೆ ಚಪ್ಪಲಿ ಕಾರ್ಖಾನೆಯಲ್ಲೂ ದುಡಿದವರು. ಮನೆ ಸೆವೆಂತ್-ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಸಭೆಯ ಶ್ರದ್ಧೆಯಲ್ಲಿ ನಡೆಯುತ್ತಿತ್ತು. ಗೋಡೆಯಲ್ಲಿ ಬೈಬಲಿನ ದಶಾಜ್ಞೆಗಳ ಒಂದು ಪಟವಿತ್ತು, ತಂದೆ ಹರಾಜಿನಲ್ಲಿ ಕೊಂಡು ತಂದದ್ದು. "ನರಹತ್ಯೆ ಮಾಡಬಾರದು" ಎಂಬ ಆರನೆಯ ಆಜ್ಞೆಯ ಪಕ್ಕದಲ್ಲಿ ಕಾಯಿನನು ತಮ್ಮ ಹೇಬೆಲನನ್ನು ಕೊಂದು ದೊಣ್ಣೆ ಹಿಡಿದು ನಿಂತ ಚಿತ್ರ. ಅಣ್ಣನಾದವನು ಇಂಥದ್ದನ್ನು ಹೇಗೆ ಮಾಡಿಯಾನು ಎಂದು ಹುಡುಗ ಡೆಸ್ಮಂಡ್ ಆ ಪಟದ ಮುಂದೆ ನಿಂತು ಕೇಳಿಕೊಳ್ಳುತ್ತಿದ್ದರಂತೆ. ದೊಡ್ಡವರಾದ ಮೇಲೆ ಅವರು ಮತ್ತೆ ಮತ್ತೆ ಹೇಳಿದ್ದು ಈ ಚಿತ್ರದ ಮಾತನ್ನೇ. ಅವರ ಶ್ರದ್ಧೆ ಕಾಗದದ ತತ್ವವಾಗಿ ಬಂದದ್ದಲ್ಲ, ಕಣ್ಣಿಗೆ ಕಂಡ ಒಂದು ದೊಣ್ಣೆಯಾಗಿ ಬಂದದ್ದು.

ಯುದ್ಧ ಶುರುವಾದಾಗ ಅವರಿಗೆ ನ್ಯೂಪೋರ್ಟ್ ನ್ಯೂಸ್‌ನ ಹಡಗು ಕಟ್ಟೆಯಲ್ಲಿ ಕೆಲಸ. ಯುದ್ಧಕ್ಕೆ ಬೇಕಾದ ಕೆಲಸವೆಂದು ಭರ್ತಿಯಿಂದ ವಿನಾಯಿತಿ ಸಿಗುತ್ತಿತ್ತು. ಅದು ಬೇಡವೆಂದು 1942ರ ಏಪ್ರಿಲ್ 1ರಂದು ಸೇನೆ ಸೇರಿದರು.

ನೆನಪಿನ ಬರಹಗಳು ಹೆಚ್ಚಾಗಿ ತಪ್ಪುವುದು ಇಲ್ಲಿ. ಡಾಸ್ "ಯುದ್ಧ ವಿರೋಧಿ" ಎಂದು ಬರೆದು ಮುಂದೆ ಹೋಗುತ್ತಾರೆ. 1940ರ ಭರ್ತಿ ಕಾಯಿದೆ ಧಾರ್ಮಿಕ ನಂಬಿಕೆಯಿಂದ ಯುದ್ಧಕ್ಕೆ ಒಲ್ಲೆ ಎನ್ನುವವರಿಗೆ ಎರಡು ದಾರಿ ಕೊಟ್ಟಿತ್ತು. ಸಮವಸ್ತ್ರವೇ ಬೇಡ ಎಂದವರು ನಾಗರಿಕ ಸೇವಾ ಶಿಬಿರಗಳಿಗೆ ಹೋಗಿ ಕಾಡು ಕಾಯುವ, ಆಸ್ಪತ್ರೆಗಳಲ್ಲಿ ದುಡಿಯುವ ಕೆಲಸ ಮಾಡಿದರು; ಆ ದಾರಿ ಹಿಡಿದವರು ಸುಮಾರು 12,000. ಸಮವಸ್ತ್ರ ಸರಿ, ಆಯುಧ ಬೇಡ ಎಂದವರದು 1-ಎ-ಓ ಎಂಬ ವರ್ಗ. ಅವರು ಸುಮಾರು 25,000. ಡಾಸ್ ಎರಡನೆಯವರು. ತಮ್ಮನ್ನು ನಿರಾಕರಿಸುವವ ಎಂದು ಕರೆದದ್ದೇ ಅವರಿಗೆ ಹಿಡಿಸಲಿಲ್ಲ. ತಾನು ಮನಸ್ಸಾಕ್ಷಿಯಿಂದ ಸಹಕರಿಸುವವ ಎನ್ನುತ್ತಿದ್ದರು. ಬಾವುಟಕ್ಕೆ ವಂದನೆ, ಸಮವಸ್ತ್ರ, ಕವಾಯತು, ಯಾವುದಕ್ಕೂ ಅವರ ತಕರಾರಿರಲಿಲ್ಲ. ತಕರಾರು ಒಂದಕ್ಕೇ: ಕೊಲ್ಲುವ ಕೆಲಸಕ್ಕೆ.

ಅವರ ಸಭೆಗೆ ಈ ನಡುದಾರಿ ಹೊಸದೇನಲ್ಲ. ಯುವಕರು ಸೇನೆಗೆ ಹೋಗಬೇಕಾಗಿ ಬಂದರೆ ಶುಶ್ರೂಷೆಯ ಕೆಲಸಕ್ಕೆ ಹೋಗಲಿ ಎಂದು ನೆಬ್ರಾಸ್ಕಾದ ಯೂನಿಯನ್ ಕಾಲೇಜಿನಲ್ಲಿ ಎವರೆಟ್ ಡಿಕ್ ಎಂಬ ಅಧ್ಯಾಪಕರು 1934ರಲ್ಲೇ ವೈದ್ಯಕೀಯ ಕೆಡೆಟ್ ತರಬೇತಿ ಶುರುಮಾಡಿದ್ದರು.

ಡಾಸ್ ಸೇರಿದ್ದು ದಕ್ಷಿಣ ಕೆರೊಲಿನಾದ ಫೋರ್ಟ್ ಜಾಕ್ಸನ್‌ನಲ್ಲಿ ಕಟ್ಟುತ್ತಿದ್ದ 77ನೇ ಪದಾತಿ ಡಿವಿಜನ್ನಿಗೆ. ಅದರ 307ನೇ ರೆಜಿಮೆಂಟಿನ ವೈದ್ಯಕೀಯ ತುಕಡಿಯಿಂದ ಅವರನ್ನು ಒಂದನೇ ಬೆಟಾಲಿಯನ್ನಿನ ಬಿ ಕಂಪನಿಗೆ ಮೆಡಿಕ್ (ಗಾಯಾಳುಗಳನ್ನು ನೋಡಿಕೊಳ್ಳುವ ಸಿಪಾಯಿ) ಆಗಿ ಹಾಕಿದರು. ಜೊತೆಯವರು ರೇಗಿಸಿದರು, ಮಂಚದ ಪಕ್ಕ ಮಂಡಿಯೂರಿ ಪ್ರಾರ್ಥಿಸುತ್ತಿದ್ದಾಗ ಬೂಟು ಎಸೆದರು. ಮಾನಸಿಕವಾಗಿ ಅನರ್ಹರೆಂದು ಹೇಳಿ ಸೆಕ್ಷನ್ 8ರ ಅಡಿಯಲ್ಲಿ ಮನೆಗೆ ಕಳಿಸುವ ಯತ್ನವೂ ನಡೆಯಿತು. ನಂಬಿಕೆಯ ಕಾರಣಕ್ಕೆ ಹುಚ್ಚನೆಂಬ ಹಣೆಪಟ್ಟಿ ಕಟ್ಟಿಕೊಳ್ಳಲಾರೆ ಎಂದು ಡಾಸ್ ಅದನ್ನು ಒಪ್ಪಲಿಲ್ಲ. ಶನಿವಾರದ ಜಗಳವೂ ದೊಡ್ಡದೇ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಅವರಿಗೆ ಸಬ್ಬತ್, ಅಂದರೆ ದುಡಿಮೆ ಬಿಟ್ಟು ದೇವರಿಗೆ ಮೀಸಲಿಟ್ಟ ದಿನ. ಆ ಹೊತ್ತಿನಲ್ಲಿ ಕವಾಯತು, ಗುಡಿಸುವುದು, ಒರೆಸುವುದು ಇಲ್ಲ. ರೋಗಿಯ ಆರೈಕೆ ಮಾತ್ರ ಸಬ್ಬತ್ತಿನಲ್ಲೂ ಸಲ್ಲುತ್ತದೆ; ಕ್ರಿಸ್ತನೇ ಆ ದಿನ ರೋಗಿಗಳನ್ನು ಗುಣಪಡಿಸಿದ್ದಾನಲ್ಲ ಎಂಬುದು ಅವರ ಆಧಾರ. ಮುಂದೆ ಒಂದು ಶನಿವಾರ ಈ ವಿವೇಚನೆಯೇ ಬಂಡೆಯ ಮೇಲೆ ಕೆಲಸಕ್ಕೆ ಬಂತು.

ಚೀಲದಲ್ಲಿ ಏನಿತ್ತು

ಮೆಡಿಕ್ ಎಂದರೆ ವೈದ್ಯನಲ್ಲ. ರಕ್ತ ನಿಲ್ಲಿಸುವುದು, ನೋವು ತಗ್ಗಿಸುವುದು, ಆಘಾತ ತಡೆಯುವುದು, ಬದುಕಿರುವಾಗಲೇ ಹಿಂದಕ್ಕೆ ಸಾಗಿಸುವುದು ಅವನ ಕೆಲಸ. ಗಾಯಕ್ಕೆ ಸೋಂಕು ತಡೆಯುವ ಸಲ್ಫಾ ಪುಡಿ, ಮೇಲೆ ಒತ್ತುಪಟ್ಟಿ. ನೋವಿಗೆ ಮಾರ್ಫಿನ್, ಒಂದೇ ಡೋಸಿನ ಚಿಕ್ಕ ಟ್ಯೂಬಿನಲ್ಲಿ, ತುದಿಗೆ ಸೂಜಿ. ಖಾಲಿ ಟ್ಯೂಬನ್ನು ಗಾಯಾಳುವಿನ ಕಾಲರಿಗೆ ಸಿಕ್ಕಿಸುವುದು ಪದ್ಧತಿ. ಅದು ಕಾಣದಿದ್ದರೆ ಹಿಂದಿನ ಠಾಣೆಯವರು ಇನ್ನೊಂದು ಡೋಸ್ ಕೊಟ್ಟು ಉಸಿರೇ ನಿಲ್ಲಿಸಿಬಿಡುವ ಅಪಾಯ. ರಕ್ತ ಕಳೆದುಕೊಂಡವನು ತಣ್ಣಗಾಗಿದ್ದರೆ ಚರ್ಮದಡಿ ಕೊಟ್ಟ ಮಾರ್ಫಿನ್ ಅಲ್ಲೇ ನಿಂತು, ಮೈ ಬೆಚ್ಚಗಾದಾಗ ಒಟ್ಟಿಗೇ ಏರುತ್ತದೆ. ಹೀಗಾಗಿ ಆ ಟ್ಯೂಬಿನ ಗುರುತಿಗೆ ಪ್ರಾಣದ ಬೆಲೆ.

ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ಇನ್ನೊಂದು. ಒಂದು ಬಾಟಲಿಯಲ್ಲಿ ಒಣಗಿಸಿದ ಪ್ಲಾಸ್ಮಾ, ಇನ್ನೊಂದರಲ್ಲಿ ಬಟ್ಟಿ ಇಳಿಸಿದ ನೀರು. ಎರಡನ್ನೂ ಬೆರೆಸಿ, ಕರಗುವತನಕ ಕೆಲವು ನಿಮಿಷ ಕಾದು, ಸೂಜಿ ಚುಚ್ಚಿ, ಬಾಟಲಿಯನ್ನು ಎತ್ತರಕ್ಕೆ ಹಿಡಿಯಬೇಕು. ಕೊಡುವವನು ಮಲಗಿ ಮರೆಯಾಗುವಂತಿಲ್ಲ, ಕೈ ಮೇಲಿರಲೇಬೇಕು. ಮೇ 5ರಂದು ಡಾಸ್ ಒಬ್ಬ ಫಿರಂಗಿದಳದ ಅಧಿಕಾರಿಗೆ ಗಾಯ ಕಟ್ಟಿ, ಗುಂಡಿನ ಮರೆಗೆ ಸರಿಸಿ, ಸುತ್ತ ಶೆಲ್ ಬೀಳುತ್ತಿರುವಾಗ ಜೋಪಾನವಾಗಿ ಪ್ಲಾಸ್ಮಾ ಕೊಟ್ಟರು ಎಂದು ಪತ್ರದಲ್ಲಿ ಒಂದು ಸಾಲಿದೆ. ಎತ್ತಿ ಹಿಡಿದ ಆ ಕೈಯನ್ನು ಕಣ್ಣಮುಂದೆ ತಂದುಕೊಳ್ಳದೆ ಆ ಸಾಲನ್ನು ಓದಬಾರದು.

ಒಕಿನಾವಕ್ಕೆ ಬರುವ ಮುನ್ನ 1944ರಲ್ಲಿ ಅವರು ಗುವಾಮ್ ಮತ್ತು ಲೇಟೆ ದ್ವೀಪಗಳ ಯುದ್ಧ ಕಂಡಿದ್ದರು. ಬ್ರಾಂಜ್ ಸ್ಟಾರ್ ಎಂಬ ಪದಕ ಆಗಲೇ ಬಂದಿತ್ತು. ಬೂಟು ಎಸೆದವರು ಆ ಹೊತ್ತಿಗೆ ಅವರನ್ನು ನಂಬಿ ಮುಂದೆ ನಡೆಯುತ್ತಿದ್ದರು.

ಬಂಡೆ, ಬಲೆ, ಹಗ್ಗ

ಮಾಯೆದಾ ಕಡಿಬಂಡೆ ಒಕಿನಾವದ ಅಗಲಕ್ಕೆ ಅಡ್ಡಲಾಗಿ ನಿಂತ ಸುಣ್ಣಕಲ್ಲಿನ ಏಣು. ಅಮೆರಿಕದ ಸಿಪಾಯಿಗಳು ಅದನ್ನು ಹ್ಯಾಕ್ಸಾ ರಿಜ್ ಎಂದರು. ಒಳಗೆಲ್ಲ ಗವಿ, ಸುರಂಗ. ಜಪಾನಿಯರು ಮೇಲ್ಭಾಗವನ್ನು ಸುಲಭವಾಗಿ ಬಿಟ್ಟುಕೊಟ್ಟು, ಹತ್ತಿ ಬಂದವರ ಮೇಲೆ ಹಿಂಬದಿಯ ಇಳಿಜಾರಿನಿಂದಲೂ ಗವಿಗಳಿಂದಲೂ ಫಿರಂಗಿ, ಮೊರ್ಟಾರು, ಮೆಷಿನ್ ಗನ್ ಹಾರಿಸುತ್ತಿದ್ದರು. ಏರಲು 50 ಅಡಿಯ ನಾಲ್ಕು ಏಣಿಗಳನ್ನೂ, ನೌಕಾಪಡೆಯಿಂದ ತಂದ, ಹಡಗಿನ ಸರಕು ಎತ್ತುವ ಐದು ಹಗ್ಗದ ಬಲೆಗಳನ್ನೂ ಬಳಸಿದರು. ಮೇ 1ರಂದು ಏಣಿಯಲ್ಲಿ ಹತ್ತಿದ ಎ ಕಂಪನಿಯಲ್ಲಿ ಮೇಲೆ ಎದ್ದು ನಿಂತವರೆಲ್ಲ ಸತ್ತರು, ಇಲ್ಲವೇ ಗಾಯಗೊಂಡರು. ಬಲೆ ಹಿಡಿದು ಏರಿದ ಬಿ ಕಂಪನಿಯವರು ರಾತ್ರಿಯ ಹೊತ್ತಿಗೆ ಅಂಚಿನಲ್ಲಿದ್ದರು. ನಡುರಾತ್ರಿ ಕಳೆದ ಮೇಲೆ ಬಿದ್ದ ಪ್ರತಿದಾಳಿ ಅವರನ್ನೂ ಕೆಳಕ್ಕೆ ತಳ್ಳಿತು. ಏಪ್ರಿಲ್ 29ರಂದು ಸುಮಾರು 800 ಮಂದಿಯಿದ್ದ ಒಂದನೇ ಬೆಟಾಲಿಯನ್ ಮೇ 7ರಂದು ಹಿಂದೆ ಸರಿದಾಗ ಉಳಿದದ್ದು 324.

ಎತ್ತರದ ವಿಷಯದಲ್ಲೂ ಒಂದು ಗೊಂದಲವಿದೆ. ಪ್ರಶಸ್ತಿಪತ್ರ 400 ಅಡಿ ಎನ್ನುತ್ತದೆ. ಅದನ್ನು ಓದಿದವರು 400 ಅಡಿ ಉದ್ದದ ಹಗ್ಗವನ್ನೇ ಊಹಿಸಿಕೊಳ್ಳುತ್ತಾರೆ. ಅದು ಇಡೀ ಏಣಿನ ಎತ್ತರ. ನೆಟ್ಟಗೆ ಇಳಿಯಬೇಕಾದ ಮೇಲ್ತುದಿಯ ಗೋಡೆ ಸುಮಾರು 35 ಅಡಿ, ಮೂರು ಮಹಡಿಯ ಎತ್ತರ. 50 ಅಡಿಯ ಏಣಿ ಸಾಲುತ್ತಿದ್ದದ್ದೂ ಅದಕ್ಕೇ. ಅಂಕಿ ಚಿಕ್ಕದಾಯಿತೆಂದು ಕೆಲಸ ಚಿಕ್ಕದಾಗದು.

ದಾಳಿ ಮುರಿದು ಕಂಪನಿ ಕೆಳಗಿಳಿದಾಗ ಗಾಯಾಳುಗಳು ಮೇಲೆಯೇ ಉಳಿದರು. ಡಾಸ್ ಅವರ ಜೊತೆ ನಿಂತರು. ಪತ್ರದಲ್ಲಿರುವುದು "ಹಗ್ಗಕ್ಕೆ ಕಟ್ಟಿದ ಸ್ಟ್ರೆಚರ್". ಆದರೆ ಸ್ಟ್ರೆಚರಿಗೆ ಬಿಗಿಯುವುದು ನಿಧಾನದ ಕೆಲಸ. ಎದೆ, ಸೊಂಟ, ಕಾಲು ಮೂರು ಕಡೆ ಕಟ್ಟಬೇಕು, ಕೆಳಗೆ ಬಿಚ್ಚಬೇಕು, ಖಾಲಿ ಸ್ಟ್ರೆಚರ್ ಮತ್ತೆ ಮೇಲೆ ಬರಬೇಕು. ಬಂಡೆಗೆ ತಾಗಿ ಓರೆಯಾದರೆ ಗಾಯಾಳು ಜಾರುತ್ತಾನೆ. ಡಾಸ್ ಆಮೇಲೆ ವಿವರಿಸುತ್ತಿದ್ದದ್ದು ಗಂಟನ್ನು. ತರಬೇತಿಯಲ್ಲಿ ಬೋಲೈನ್ ಎಂಬ ಕುಣಿಕೆ ಗಂಟು ಹಾಕುವಾಗ ಹಗ್ಗವನ್ನು ಎರಡಾಗಿ ಮಡಚಿದ್ದರಿಂದ ಒಂದರ ಬದಲು ಎರಡು ಕುಣಿಕೆ ಬಂದಿದ್ದವು. ಅಂದು ಅದು ಕೈತಪ್ಪಿನಿಂದ ಕಲಿತ ವಿದ್ಯೆ. ಬಂಡೆಯ ಅಂಚಿನಲ್ಲಿ ನೆನಪಾಯಿತು.

ಜೋಡಿ ಕುಣಿಕೆಯ ಈ ಬಗೆಯನ್ನು ಹಾಕುವುದು ಹೀಗೆ: ಹಗ್ಗವನ್ನು ಮಡಚಿ ಜೋಡಿ ಎಳೆ ಮಾಡಿಕೊಂಡು, ಆ ಜೋಡಿಯಲ್ಲೇ ಒಂದು ಸಣ್ಣ ಉಂಗುರ ಮಾಡಬೇಕು. ಮಡಿಕೆಯ ತುದಿಯನ್ನು ಉಂಗುರದೊಳಗಿಂದ ಮೇಲೆ ತರಬೇಕು. ಆ ತುದಿಯನ್ನು ಅಗಲಿಸಿ, ಕೆಳಗೆ ಜೋತ ಎರಡು ದೊಡ್ಡ ಕುಣಿಕೆಗಳ ಮೇಲಿಂದ ಇಳಿಸಿ, ಹಿಂಬದಿಯಿಂದ ಗಂಟಿನ ಮೇಲಕ್ಕೆ ಒಯ್ಯಬೇಕು. ಕುಣಿಕೆಗಳನ್ನು ಜಗ್ಗಿದರೆ ಗಂಟು ಕೂರುತ್ತದೆ. ಭಾರ ಬಿದ್ದರೆ ಇದು ಜೀರುಗುಣಿಕೆಯಂತೆ ಮೈಯನ್ನು ಬಿಗಿಯುವುದಿಲ್ಲ, ಭಾರ ಇಳಿದ ಮೇಲೆ ಕಚ್ಚಿಕೊಂಡು ಕೂರುವುದೂ ಇಲ್ಲ. ಕೆಳಗಿನವರು ಬೇಗ ಬಿಚ್ಚಬಹುದು. ಒಂದೊಂದು ಕುಣಿಕೆಗೆ ಒಂದೊಂದು ತೊಡೆ. ಉಳಿದ ಹಗ್ಗವನ್ನು ಕಂಕುಳಡಿಯಿಂದ ಎದೆಗೆ ಸುತ್ತಿ ಕಟ್ಟಲೇಬೇಕು. ಅದನ್ನು ಬಿಟ್ಟರೆ ಪ್ರಜ್ಞೆ ತಪ್ಪಿದವನು ಹಿಮ್ಮುಖವಾಗಿ ಮಗುಚಿ ತಲೆಕೆಳಗಾಗುತ್ತಾನೆ. ಒಂದೇ ಕಾಲಿಗೆ ಭಾರ ಬಿದ್ದರೆ ಒಂದು ಕುಣಿಕೆಯ ಹಗ್ಗ ಇನ್ನೊಂದಕ್ಕೆ ಜಾರುವುದೂ ಉಂಟು.

ಹಗ್ಗದ ಇನ್ನೊಂದು ಕೊನೆ ಅಂಚಿನ ಹತ್ತಿರದ ಮರದ ಕೊರಡಿಗೆ. ಒಬ್ಬನೇ ಮನುಷ್ಯ ಇಷ್ಟು ಜನರನ್ನು ಹೇಗೆ ಇಳಿಸಿದ ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ ಕೊರಡಿನಲ್ಲಿದೆ. ಹಗ್ಗಕ್ಕೂ ಮರಕ್ಕೂ ನಡುವಿನ ಘರ್ಷಣೆಯ ಗುಣಾಂಕ 0.3 ಎಂದು ಹಿಡಿದರೆ, 70 ಕಿಲೋ ತೂಗುವವನನ್ನು ತಡೆದು ಹಿಡಿಯಲು ಅರ್ಧ ಸುತ್ತಿನಲ್ಲಿ ಸುಮಾರು 27 ಕಿಲೋದಷ್ಟು ಬಲ ಬೇಕು. ಒಂದು ಸುತ್ತಿನಲ್ಲಿ 11. ಒಂದೂವರೆ ಸುತ್ತಿನಲ್ಲಿ ನಾಲ್ಕೇ. ಬಂಡೆಯ ಅಂಚಿನ ಉಜ್ಜಾಟ ಇನ್ನಷ್ಟು ತಗ್ಗಿಸುತ್ತದೆ. ಹಾಗೆಂದು ಸುತ್ತು ಹೆಚ್ಚಿಸಿದರೆ ಹಗ್ಗ ಓಡುವುದೇ ಇಲ್ಲ. ಸುತ್ತಿನ ಮೇಲೆ ಸುತ್ತು ಏರಿದರೆ ಸಿಕ್ಕಿಕೊಂಡು ಗಾಯಾಳು ನಡುಗೋಡೆಯಲ್ಲಿ ನೇತಾಡುತ್ತಾನೆ. ಸುತ್ತು ಕಡಿಮೆಯಾದರೆ ಅಂಗೈ ಸುಡುತ್ತದೆ, ಹಿಡಿತ ತಪ್ಪುತ್ತದೆ. ಚೂಪು ಸುಣ್ಣಕಲ್ಲು ಪ್ರತಿ ಸಲವೂ ಹಗ್ಗವನ್ನು ಒಂದೇ ಜಾಗದಲ್ಲಿ ತೇಯುತ್ತದೆ.

ಇಳಿಸುವುದು ಇದರಲ್ಲಿ ಹಗುರದ ಭಾಗ. ಗಾಯಾಳುವನ್ನು ಅಂಚಿನವರೆಗೆ ಹೊತ್ತೋ ಎಳೆದೋ ತರುವುದಕ್ಕೆ ಕೊರಡಿನ ನೆರವಿಲ್ಲ. ಎಲ್ಲ ಸೇರಿ ಒಬ್ಬನಿಗೆ ನಾಲ್ಕೇ ನಿಮಿಷ ಎಂದರೂ 75 ಮಂದಿಗೆ ಐದು ಗಂಟೆ, 100 ಮಂದಿಗೆ ಆರು ಗಂಟೆ 40 ನಿಮಿಷ. ನೂರು ಆಗಿರಲಾರದು ಎಂದ ಡಾಸ್ ಮಾತಿನಲ್ಲಿ ಬರೀ ವಿನಯವಿರಲಿಲ್ಲ, ಕೈಗೆ ಗೊತ್ತಿದ್ದ ಲೆಕ್ಕವಿತ್ತು. ಪ್ರತಿಯೊಬ್ಬನನ್ನು ಇಳಿಸಿದ ಮೇಲೂ ಅವರು ಒಂದೇ ಪ್ರಾರ್ಥನೆ ಮಾಡುತ್ತಿದ್ದರಂತೆ: ಕರ್ತನೇ, ಇನ್ನೊಬ್ಬನನ್ನು ತರಲು ಸಹಾಯ ಮಾಡು.

ಇದು ಯಾವ ದಿನ ನಡೆಯಿತು? ಪತ್ರದ ಒಕ್ಕಣೆಯಲ್ಲಿ ಈ ಘಟನೆ ಮೊದಲು ಬರುತ್ತದೆ, ಆಮೇಲೆ ಮೇ 2, ಮೇ 4, ಮೇ 5ರ ಘಟನೆಗಳು. ಹಾಗೆ ಓದಿದರೆ ಏಪ್ರಿಲ್ ಕೊನೆ ಅನಿಸುತ್ತದೆ. ಡಾಸ್ ಹೇಳುತ್ತಿದ್ದದ್ದು ಶನಿವಾರ ಎಂದು: ಸಬ್ಬತ್ ದಿನವಾದರೂ ಬರುತ್ತೀಯಾ ಎಂದು ಕೇಳಿದರು, ಪ್ರಾರ್ಥನೆ ಮುಗಿಸಿ ಹೊರಟೆ ಎಂದು. 1945ರ ಮೇ 5 ಶನಿವಾರ. ಏಪ್ರಿಲ್ 29 ಭಾನುವಾರ. ಬಿ ಕಂಪನಿ ಬಲೆ ಹಿಡಿದು ಏರಿದ್ದು ಮೇ 1ರಂದು ಎಂಬುದನ್ನೂ ಸೇರಿಸಿಕೊಂಡರೆ ಮೇ 5 ಎಂಬುದೇ ಹೆಚ್ಚು ಹೊಂದುತ್ತದೆ. ಪ್ರಶಸ್ತಿಪತ್ರ ಬರೆಯುವವರು ಹಲವರ ಹೇಳಿಕೆಗಳನ್ನು ಒಂದು ಪುಟಕ್ಕೆ ಇಳಿಸುವಾಗ ಕ್ರಮ ಹಿಂದುಮುಂದಾಗುವುದು ಅಪರೂಪವಲ್ಲ. ವಾರದ ದಿನದ ನೆನಪು ಎಷ್ಟೋ ಸಲ ತಾರೀಖಿನ ನೆನಪಿಗಿಂತ ಗಟ್ಟಿ, ಅದರಲ್ಲೂ ಶನಿವಾರವನ್ನು ಬದುಕಿಡೀ ಬೇರೆಯಾಗಿ ಕಂಡವರಲ್ಲಿ.

ಮೇ 21ರ ರಾತ್ರಿ ಶುರಿಯ ಹತ್ತಿರ ಗ್ರೆನೇಡ್ ಸಿಡಿದು ಎರಡೂ ಕಾಲಿಗೆ ಪೆಟ್ಟಾಯಿತು. ಇನ್ನೊಬ್ಬ ಮೆಡಿಕ್‌ನನ್ನು ಮರೆಯಿಂದ ಕರೆಯದೆ ತಾವೇ ಕಟ್ಟಿಕೊಂಡು ಐದು ಗಂಟೆ ಕಾದರು. ಸ್ಟ್ರೆಚರಿನವರು ಬಂದು ಒಯ್ಯುತ್ತಿರುವಾಗ ಟ್ಯಾಂಕಿನ ದಾಳಿ. ಪಕ್ಕದಲ್ಲಿ ತಮಗಿಂತ ಹೆಚ್ಚು ಗಾಯಗೊಂಡವನನ್ನು ಕಂಡು ಸ್ಟ್ರೆಚರಿನಿಂದ ಕೆಳಗೆ ತೆವಳಿ, ಮೊದಲು ಅವನನ್ನು ನೋಡಿ ಎಂದರು. ಸ್ಟ್ರೆಚರಿನವರಿಗಾಗಿ ಮತ್ತೆ ಕಾಯುವಾಗ ಇನ್ನೊಂದು ಪೆಟ್ಟು ಬಿದ್ದು ಒಂದು ತೋಳು ಮುರಿದು ಮೂಳೆ ಹೊರಬಂತು. ಮುರಿದ ತೋಳನ್ನು ಸಾಗಿಸುವಾಗ ಮುರಿತದ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗಬಾರದು. ಅದಕ್ಕೆ ಉದ್ದನೆಯ ಗಡಸು ಆಧಾರ ಬೇಕು. ಅಲ್ಲಿ ಸಿಕ್ಕಿದ್ದು ಒಂದು ರೈಫಲಿನ ಮರದ ಹಿಡಿ. ಅದನ್ನೇ ತೋಳಿಗೆ ಕಟ್ಟಿಕೊಂಡು 300 ಗಜ ತೆವಳಿ ಚಿಕಿತ್ಸಾ ಠಾಣೆ ಸೇರಿದರು. ಬಂದೂಕು ಅವರ ಕೈಗೆ ಬಂದದ್ದು ಹೀಗೆ. ಹೆಂಡತಿ ಡೊರೊತಿ ಕೊಟ್ಟಿದ್ದ ಬೈಬಲ್ ಆ ನೆಲದಲ್ಲೇ ಬಿದ್ದುಹೋಗಿತ್ತು. ಆಸ್ಪತ್ರೆ ಹಡಗಿನಿಂದ ಹೇಳಿಕಳಿಸಿದಾಗ ಕಂಪನಿಯವರು ಯುದ್ಧದ ನೆಲವನ್ನು ಹುಡುಕಾಡಿ ಅದನ್ನು ಪತ್ತೆ ಮಾಡಿ ಅಂಚೆಯಲ್ಲಿ ಕಳಿಸಿದರು.

ಆಮೇಲಿನ 61 ವರ್ಷ

ಧರ್ಮದ ಕಾರಣಕ್ಕೆ ಆಯುಧ ಒಲ್ಲೆನೆಂದು ಸೇನೆಯಲ್ಲಿದ್ದು ಈ ಪದಕ ಪಡೆದವರಲ್ಲಿ ಡಾಸ್ ಮೊದಲಿಗರು. ಮುಂದೆ ವಿಯೆಟ್ನಾಂ ಯುದ್ಧದಲ್ಲಿ ಥಾಮಸ್ ಬೆನೆಟ್, ಜೋಸೆಫ್ ಲಪಾಯಿಂಟ್ ಎಂಬ ಇಬ್ಬರು ಮೆಡಿಕ್‌ಗಳಿಗೆ ಮರಣೋತ್ತರವಾಗಿ ಬಂತು. ಮೂವರಲ್ಲಿ ಮುದಿತನ ಕಂಡವರು ಡಾಸ್ ಒಬ್ಬರೇ. ಆ ಮುದಿತನದವರೆಗಿನ ದಾರಿ ಮಾತ್ರ ಬಲು ಕಷ್ಟದ್ದು.

ಲೇಟೆಯಲ್ಲಿ ಹಿಡಿದ ಕ್ಷಯ ಯುದ್ಧ ಮುಗಿದ ಮೇಲೆ ಬಯಲಾಯಿತು. ಎಡ ಶ್ವಾಸಕೋಶ ಹೋಯಿತು, ಐದು ಪಕ್ಕೆಲುಬು ಹೋದವು. ಆ ಕಾಲದ ಚಿಕಿತ್ಸೆಯಲ್ಲಿ ಪಕ್ಕೆಲುಬು ತೆಗೆಯುವುದಕ್ಕೆ ಕಾರಣವಿತ್ತು: ಎದೆಯ ಗೋಡೆ ಒಳಕ್ಕೆ ಕುಸಿದು ಖಾಲಿ ಜಾಗವನ್ನು ಮುಚ್ಚಲಿ ಎಂದು. ಕುಸಿದದ್ದು ಮತ್ತೆ ಎದ್ದು ನಿಲ್ಲುವುದಿಲ್ಲ. ಭಾರ ಎತ್ತುವ ದುಡಿಮೆಗೆ ಆ ಮೈ ಒಗ್ಗುವುದಿಲ್ಲ. 1951ರಲ್ಲಿ ಸೇನೆಯ ಆಸ್ಪತ್ರೆಯಿಂದ ಬಿಡುಗಡೆಯಾದಾಗ ಅವರ ಅಂಗವೈಕಲ್ಯವನ್ನು 90 ಪ್ರತಿಶತ ಎಂದು ಬರೆದರು. ಬಡಗಿಯ ಮಗನಿಗೆ ಬಡಗಿ ಕೆಲಸ ಕೈಗೂಡಲಿಲ್ಲ. ಡೊರೊತಿ ದಾದಿಯಾಗಿ ದುಡಿದರು. 1946ರಲ್ಲಿ ಹುಟ್ಟಿದ ಒಬ್ಬ ಮಗನಿದ್ದ. ಜಾರ್ಜಿಯಾದ ರೈಸಿಂಗ್ ಫಾನ್‌ನಲ್ಲಿ ಸಣ್ಣ ಜಮೀನು ಮಾಡಿಕೊಂಡರು. ಮಿಶಿಗನ್‌ನ ಗ್ರ್ಯಾಂಡ್ ಲೆಡ್ಜ್‌ನಲ್ಲಿ ಅಡ್ವೆಂಟಿಸ್ಟ್ ಯುವಕರಿಗೆ ಮೆಡಿಕ್ ತರಬೇತಿ ಕೊಡುವ ಶಿಬಿರಕ್ಕೆ ಅವರ ಹೆಸರಿಟ್ಟರು.

1976ರಲ್ಲಿ ಕಿವಿ ಪೂರ್ತಿ ಹೋಯಿತು, ಪ್ರತಿಜೈವಿಕ ಔಷಧಿ ಮಿತಿಮೀರಿದ್ದರಿಂದ. ಕೆಲವು ಬಗೆಯ ಪ್ರತಿಜೈವಿಕಗಳು ಒಳಗಿವಿಯ ರೋಮಕೋಶಗಳನ್ನು ಕೊಲ್ಲುತ್ತವೆ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಸದ್ದು ದೊಡ್ಡದು ಮಾಡುವ ಶ್ರವಣ ಸಾಧನದಿಂದ ಅಲ್ಲಿ ಪ್ರಯೋಜನವಿಲ್ಲ. ಹನ್ನೆರಡು ವರ್ಷ ಮೌನದಲ್ಲಿ ಕಳೆದ ಮೇಲೆ 1988ರಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡರು. ಅದು ಸತ್ತ ಕೋಶಗಳನ್ನು ದಾಟಿ ಶ್ರವಣ ನರಕ್ಕೇ ವಿದ್ಯುತ್ ಸಂಕೇತ ಕೊಡುವ ಸಾಧನ. ಮತ್ತೆ ಕೇಳಿಸತೊಡಗಿತು. ಮೂರು ವರ್ಷವಾಗುವಷ್ಟರಲ್ಲಿ, 1991ರ ನವೆಂಬರ್ 17ರಂದು ಅವರೇ ಕಾರು ಓಡಿಸಿಕೊಂಡು ಡೊರೊತಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾಗ ಅಪಘಾತವಾಗಿ ಆಕೆ ತೀರಿಕೊಂಡರು. ಬಂಡೆಯ ಮೇಲಿನ ದಿನವನ್ನು ಕೊಂಡಾಡುವ ಬರಹಗಳು ಈ ದಿನವನ್ನು ಬಿಟ್ಟುಬಿಡುತ್ತವೆ. ಬಿಡಬಾರದು. ಅಷ್ಟು ಜನರನ್ನು ಉಳಿಸಿದ ಕೈಯಲ್ಲೇ ಹೆಂಡತಿಯನ್ನು ಕಳೆದುಕೊಂಡು, ಆಮೇಲೂ 14 ವರ್ಷ ಅದೇ ದೇವರಿಗೆ ಪ್ರಾರ್ಥಿಸಿದವರ ಶ್ರದ್ಧೆ ಎಂಥದ್ದೆಂದು ತಿಳಿಯಲು ಆ ದಿನವೂ ಬೇಕು. 1993ರ ಜುಲೈ 1ರಂದು ಫ್ರಾನ್ಸಿಸ್ ಡ್ಯೂಮನ್ ಅವರನ್ನು ಮದುವೆಯಾದರು.

ಸಂಖ್ಯೆ ಬರೆಯಲೇಬೇಕಾದವರು "ಪ್ರಶಸ್ತಿಪತ್ರದಂತೆ 75, ಡಾಸ್ ಲೆಕ್ಕದಲ್ಲಿ 50" ಎಂದು ಎರಡನ್ನೂ ಬರೆಯುವುದು ಮೇಲು. ಅದಕ್ಕೆ ತಗಲುವುದು ಒಂದು ಸಾಲು ಹೆಚ್ಚು, ಅಷ್ಟೇ.

ಡೆಸ್ಮಂಡ್ ಡಾಸ್ 2006ರ ಮಾರ್ಚ್ 23ರಂದು ಅಲಬಾಮಾದ ಪೀಡ್‌ಮಾಂಟ್‌ನಲ್ಲಿ ತೀರಿಕೊಂಡರು. ಏಪ್ರಿಲ್ 3ರಂದು ಟೆನೆಸಿಯ ಚಟ್ಟನೂಗ ರಾಷ್ಟ್ರೀಯ ಸ್ಮಶಾನದಲ್ಲಿ ಮಣ್ಣು ಮಾಡಿದರು.